ಇಳಿಯದ ಗಾಜು

ತುಡಿಯಲೂರಿನ ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್ ಕಂದಸಾಮಿ ಕಾರಿನ ಡ್ರೈವರ್ ಬಾಗಿಲಿನ ಸ್ವಿಚ್ ಒತ್ತಿದ ಕೂಡಲೇ ಸುಗನ್ಯಾಳ ಕಡೆಯ ಗಾಜು ಸರ್ರನೆ ಇಳಿಯಿತು. ಆರು ತಿಂಗಳಿಂದ ಅದು ಇಳಿದಿರಲಿಲ್ಲ. ಮೋಟರು ಸುಟ್ಟುಹೋಗಿದೆ, ನೀನೇ ಒತ್ತಿ ಒತ್ತಿ ಕೆಡಿಸಿದ್ದು ಎಂದು ಗಂಡ ಪ್ರೇಮ್ ಕುಮಾರ್ ಬಯ್ಯುತ್ತಲೇ ಇದ್ದ. ಇವತ್ತು ಬ್ರೇಕ್ ತೋರಿಸಲು ಬಂದಾಗ ಅವಳೇ ಬಾಯಿಬಿಟ್ಟು ಇದನ್ನೂ ನೋಡಲು ಹೇಳಿದ್ದಳು.

“ಮೋಟರ್ ಚೆನ್ನಾಗೇ ಇದೆಯಮ್ಮಾ,” ಎನ್ನುತ್ತ ಕಂದಸಾಮಿ ಅವಳ ಬಾಗಿಲಿನ ಸ್ವಿಚ್ ಬಿಚ್ಚಿ ನೋಡಿದ. ಅದಕ್ಕೆ ಕರೆಂಟ್ ತರುವ ವೈರು ಎರಡು ತುಂಡಾಗಿತ್ತು.

“ಇಲಿ ಕಡಿದಿರಬೇಕು,” ಎಂದ ಪ್ರೇಮ್ ಕುಮಾರ್.

“ಇಲಿ ಕಡಿದ ತುದಿಗೆ ಟೇಪ್ ಸುತ್ತುತ್ತಾ ಸಾರ್? ಇದು ಕಟಿಂಗ್ ಪ್ಲೇಯರ್‌ನಲ್ಲಿ ಕತ್ತರಿಸಿದ್ದು.”

ಸುಗನ್ಯಾ ಗಂಡನತ್ತ ತಿರುಗಿದಳು. ಅವನು ಅಷ್ಟು ಹೊತ್ತು ಆಡುತ್ತಿದ್ದ ತಮಿಳು ಬಿಟ್ಟು ಮನೆಯ ಕನ್ನಡಕ್ಕೆ ಇಳಿದ. “ನೀನು ಸಿಗ್ನಲ್ಲಿಗೊಂದು ಸಲ ಗಾಜು ಇಳಿಸಿ ಕಂಡೋರ್ನೆಲ್ಲ ಮಾತಾಡಿಸ್ತಿದ್ದೆ. ಇನ್ನೇನ್ ಮಾಡ್ಲಿ? ಸುಮ್ನೆ ಹತ್ತು.”

ಅವಳು ಹತ್ತಲಿಲ್ಲ. ಸೀಟಿನ ಮೇಲಿದ್ದ ಕೈಚೀಲವನ್ನು ಕಿಟಕಿಯಿಂದಲೇ ಎತ್ತಿಕೊಂಡಳು. ಅಲ್ಲಿದ್ದ ಎಲ್ಲರಿಗೂ ಅರ್ಥವಾಗಲೆಂದು ತಮಿಳಿನಲ್ಲೇ ಕಂದಸಾಮಿಯನ್ನು ಕೇಳಿದಳು: “ಅಣ್ಣಾ, ಉಕ್ಕಡಂ ಬಸ್ ಸ್ಟ್ಯಾಂಡಿಗೆ ಹೋಗೋ ಬಸ್ಸು ಎಲ್ಲಿ ನಿಲ್ಲುತ್ತೆ?”