ಒಬ್ರಾದ್ ಮೇಷ್ಟ್ರ ಎರಡು ಬಾಟಲಿಗಳು

ಫೋಟೋ ಕ್ಲಬ್ಬಿನ ಫಿಲ್ಮು ತೊಳೆಯುವ ಕೋಣೆಯಲ್ಲಿ, ‘ಡೆವಲಪರ್’ ಎಂದು ಚೀಟಿ ಅಂಟಿಸಿದ್ದ ದೊಡ್ಡ ಬಾಟಲಿಯ ಬಿರಡೆ ತೆಗೆದು ಮಿಲುಂಕಾ ಅದನ್ನು ಬೆಳಕು ನುಗ್ಗದ ಫಿಲ್ಮಿನ ಡಬ್ಬಿಯ ಬಾಯಿಗೆ ಹಿಡಿದಳು. “ಸುರೀಲಾ ಮೇಷ್ಟ್ರೇ?” ಎಂದಳು. ಒಬ್ರಾದ್ ಮೇಷ್ಟ್ರು ಗಾಬರಿಯಿಂದ ಎಡಗೈ ಚಾಚಿದರು. ಅವರ ಬಲಗೈ ಪ್ಲಾಸ್ಟರಿನಲ್ಲಿತ್ತು.

ಡಬ್ಬಿಯೊಳಗೆ ಅವರ ಕೊಕ್ಕರೆಗಳಿದ್ದವು. ವಿದ್ಯುತ್ ಕಂಬದ ಮೇಲಿನ ಗೂಡಿನಲ್ಲಿ ತಾಯಿ ನಾಲ್ಕು ಮರಿಗಳಿಗೆ ಮೇವು ಕೊಡುವುದನ್ನು ಎದುರಿನ ಛಾವಣಿಗೆ ಏಣಿ ಹಾಕಿ ಮೂವತ್ತಾರು ಸಲ ಕ್ಲಿಕ್ಕಿಸಿ, ಇಳಿಯುವಾಗ ಎಪ್ಪತ್ತನಾಲ್ಕರ ವಯಸ್ಸನ್ನು ಮರೆತು ಬಿದ್ದಿದ್ದರು. ಕೈ ಮುರಿಯಿತು, ಕ್ಯಾಮೆರಾ ಉಳಿಯಿತು. ಬರುವ ಭಾನುವಾರ ಕ್ಲಬ್ಬಿನ ವಾರ್ಷಿಕ ಪ್ರದರ್ಶನ. ಮರಿಗಳೋ ಆಗಲೇ ಹಾರಿಹೋಗಿದ್ದವು. ಕತ್ತಲಲ್ಲಿ ಫಿಲ್ಮನ್ನು ಸುರುಳಿಗೆ ಸುತ್ತುವುದು ಒಂಟಿ ಕೈಯಲ್ಲಿ ಆಗದ ಕೆಲಸ. ಹಾಗಾಗಿ ನಲವತ್ತು ವರ್ಷ ಯಾರನ್ನೂ ಪಕ್ಕಕ್ಕೆ ಬಿಟ್ಟುಕೊಳ್ಳದ ಮೇಷ್ಟ್ರು, ಕ್ಲಬ್ಬಿನಲ್ಲಿ ಎಲ್ಲರಿಗಿಂತ ಕಡಿಮೆ ಪ್ರಶ್ನೆ ಕೇಳುವ ಮಿಲುಂಕಾಳನ್ನು ಆರಿಸಿ ಕರೆದಿದ್ದರು.

ಈಗ ತೊಂದರೆ ಏನೆಂದರೆ, ಆ ಚೀಟಿ ಸುಳ್ಳು. ಮೇಷ್ಟ್ರು ಮನೆಯಲ್ಲೇ ಬೆರೆಸಿ ತರುವ ಡೆವಲಪರ್ ಸಾವಾ ನದಿಯ ಎರಡೂ ದಂಡೆಗಳಲ್ಲಿ ಹೆಸರುವಾಸಿ. ಆಚೆ ದಂಡೆಯ ಕ್ಲಬ್ಬಿನವರು ಕದ್ದಾರೆಂದು ಅವರು ಅದಕ್ಕೆ ‘ಫಿಕ್ಸರ್’ ಎಂದೂ ಫಿಕ್ಸರಿಗೆ ‘ಡೆವಲಪರ್’ ಎಂದೂ ಬರೆದಿಟ್ಟಿದ್ದರು. ಮೊದಲು ಡೆವಲಪರ್ ಬಿದ್ದರೆ ಫಿಲ್ಮಿನಲ್ಲಿ ಚಿತ್ರ ಮೂಡುತ್ತದೆ, ಆಮೇಲೆ ಬೀಳುವ ಫಿಕ್ಸರ್ ಅದನ್ನು ಅಳಿಯದಂತೆ ನಿಲ್ಲಿಸುತ್ತದೆ. ಮೊದಲು ಫಿಕ್ಸರ್ ಬಿದ್ದರೆ ಎಲ್ಲವೂ ತೊಳೆದುಹೋಗಿ ಕನ್ನಡಕದ ಗಾಜಿನ ಹಾಗೆ ಖಾಲಿ. ಸುರಿಯುವ ಕೆಲಸ ತಾವೇ ಮಾಡಿ ಗುಟ್ಟು ಉಳಿಸಿಕೊಳ್ಳುವ ಅಂದಾಜಿನಲ್ಲಿದ್ದರು ಮೇಷ್ಟ್ರು. ಮಿಲುಂಕಾಳ ಕೈ ಇಷ್ಟು ಚುರುಕೆಂದು ಅವರಿಗೇನು ಗೊತ್ತು!

“ಇಲ್ಲಿ ಕೊಡು, ನಾನೇ ಸುರೀತೀನಿ.”

“ಎಡಗೈಲಾ? ಚೆಲ್ಲಿಬಿಡ್ತೀರ, ಸುಮ್ನಿರಿ.”

ಬಾಟಲಿ ಬಾಗಿತು. “ಅದಲ್ಲ!” ಎಂದು ಮೇಷ್ಟ್ರು ಕೂಗಿಕೊಂಡರು. “ಇನ್ನೊಂದು ಬಾಟ್ಲಿ.”

“ಅದ್ರ ಮೇಲೆ ಫಿಕ್ಸರ್ ಅಂತ ಇದೆಯಲ್ಲ? ನಿಮ್ಮದೇ ಅಕ್ಷರ.”

“ಅಕ್ಷರ ನಂದೇ. ಒಳಗಿರೋದು ಬೇರೆ. ಆಚೆ ದಂಡೆಯೋರಿಗೆ ಸಿಗಬಾರ್ದು ಅಂತ ಅದಲು ಬದಲು ಮಾಡಿಟ್ಟಿದ್ದೆ.”

ಮಿಲುಂಕಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ನಗು ಥಟ್ಟನೆ ನಿಂತಿತು.

ಮೂವತ್ತೊಂದು ವರ್ಷ ಅವಳು ನದಿ ದಾಟಿಸುವ ಕಡವಿನ ದೋಣಿಯಲ್ಲಿ ಟಿಕೆಟ್ ಹರಿದವಳು. ಹೋದ ವರ್ಷ ಸೇತುವೆಯಾಗಿ ದೋಣಿ ನಿಂತಾಗ, ಕೊನೆಯ ದಿನದ ಒಂದು ರೀಲು ತೆಗೆದು ಇಲ್ಲಿಗೇ ಓಡಿ ಬಂದಿದ್ದಳು. ಅಂದು ಕ್ಲಬ್ಬಿನ ಡೆವಲಪರ್ ಮುಗಿದಿತ್ತು. ಹೊರಗೆ ಚದುರಂಗದಲ್ಲಿ ಗೆಲ್ಲುತ್ತಿದ್ದ ಮೇಷ್ಟ್ರು ಆ ಖುಷಿಯಲ್ಲಿ ಚೀಟಿಯ ವಿಷಯ ಮರೆತು, “ನನ್ನ ಕಪಾಟಿಂದ ತಗೋ ಹೋಗು” ಎಂದು ಧಾರಾಳವಾಗಿ ಅಂದುಬಿಟ್ಟಿದ್ದರು. ಫಿಲ್ಮು ಖಾಲಿ ಬಂದಿತ್ತು.

“ಲೆನ್ಸಿನ ಮುಚ್ಚಳ ತೆಗೆಯೋಕೆ ಮರ್ತಿದ್ದೀಯ ಅಂದ್ರಿ ನೀವು. ಅಷ್ಟು ಜನರೆದುರಿಗೆ.”

“ಅಂದೆ.”

“ನಿಮ್ಗೆ ಆಗ್ಲೇ ಗೊತ್ತಿತ್ತಾ?”

“ಫಿಲ್ಮಿನ ಅಂಚಲ್ಲಿ ನಂಬರುಗಳಿರ್ತಾವಲ್ಲ, ಮುಚ್ಚಳ ಹಾಕಿದ್ರೂ ಅವು ಮೂಡ್ಬೇಕು. ನಿನ್ನ ಫಿಲ್ಮಲ್ಲಿ ಅವೂ ಇರ್ಲಿಲ್ಲ. ನೋಡಿದ ತಕ್ಷಣ ಗೊತ್ತಾಯ್ತು.” ಮೇಷ್ಟ್ರು ತಲೆ ತಗ್ಗಿಸಿದರು. “ಹೇಳೋಕೆ ಬಾಯೇ ಬರ್ಲಿಲ್ಲ ಕಣಮ್ಮ.”

“ಒಂದು ವರ್ಷದಿಂದ ಒಂದೊಂದು ಫೋಟೋಗೂ ಮೂರು ಮೂರು ಸಲ ಮುಚ್ಚಳ ಮುಟ್ಟಿ ನೋಡ್ತಿದ್ದೀನಿ ನಾನು! ಅಜ್ಜಿ ಕ್ಯಾಮೆರಾಗೆ ಶಿಲುಬೆ ಗುರುತು ಹಾಕ್ತಾಳೆ ಅಂತ ಮೊಮ್ಮಗಳು ಆಡ್ಕೋತಾಳೆ. ನಂಗೆ ಈ ವಿದ್ಯೆ ಹತ್ತೋದಿಲ್ಲ ಅಂತ ಎಷ್ಟು ದಿನ ಅತ್ತಿದ್ದೀನಿ ಗೊತ್ತಾ?”

ಅವಳ ಕೈಯಲ್ಲಿ ಈಗಲೂ ಇದ್ದದ್ದು ಫಿಕ್ಸರಿನ ಬಾಟಲಿಯೇ. ಅದು ಮತ್ತೆ ಡಬ್ಬಿಯ ಬಾಯಿಗೆ ಬಂತು.

“ಮಿಲುಂಕಾ, ಬೇಡ. ಮರಿಗಳು ಹಾರಿಹೋಗಿವೆ.”

“ನನ್ನ ದೋಣಿ ಏನು ವಾಪಸ್ ಬರುತ್ತಾ?” ಎಂದವಳು ಬಾಗಿಲ ಕಡೆ ತಿರುಗಿ ಕೂಗಿದಳು. “ತಿಹೋಮಿರ್! ಕಾಗದ ಪೆನ್ನು ತಗೊಂಡು ಬಾರಯ್ಯಾ. ಮೇಷ್ಟ್ರು ಪಾಠ ಹೇಳ್ತಾರಂತೆ!”

ಕ್ಲಬ್ಬಿನ ಕಾರ್ಯದರ್ಶಿ ತಿಹೋಮಿರ್ ಚದುರಂಗದ ಕುದುರೆಯನ್ನು ಕೈಯಲ್ಲೇ ಹಿಡಿದುಕೊಂಡು ಓಡಿ ಬಂದ. ಅವನ ಹಿಂದೆ ಇನ್ನೂ ನಾಲ್ಕು ತಲೆಗಳು ಇಣುಕಿದವು.

“ಡೆವಲಪರ್ ಹೇಗೆ ಬೆರೆಸ್ತೀರ, ಹೇಳಿ ಮೇಷ್ಟ್ರೇ. ಜೋರಾಗಿ, ಗ್ರಾಂ ಲೆಕ್ಕದ ಸಮೇತ,” ಎಂದಳು ಮಿಲುಂಕಾ, ಬಾಟಲಿ ಇಳಿಸದೆ.

ಮೇಷ್ಟ್ರು ಬಾಟಲಿ ನೋಡಿದರು, ಡಬ್ಬಿ ನೋಡಿದರು, ಹೇಳಿದರು. ನೀರು ಎಷ್ಟು ಬಿಸಿ, ಯಾವ ಪುಡಿ ಮೊದಲು, ಯಾವುದು ಕರಗಿದ ಮೇಲೆ ಯಾವುದು, ಒಂದನ್ನೂ ಬಿಡಲಿಲ್ಲ. ಕೊನೆಗೆ, “ಐದು ದಿನ ನೆಲಮಾಳಿಗೇಲಿ, ಹುಳಿ ಎಲೆಕೋಸಿನ ಪೀಪಾಯಿ ಪಕ್ಕ ಇಡಬೇಕು” ಎಂದರು.

“ಎಲೆಕೋಸು ಯಾಕೆ?” ತಿಹೋಮಿರ್ ಬರೆಯುತ್ತಲೇ ಕೇಳಿದ.

“ನಮ್ಮನೆಯವಳು ಅಲ್ಲಿ ಬಿಟ್ರೆ ಬೇರೆಲ್ಲೂ ಇಡೋಕೆ ಬಿಡಲ್ಲಪ್ಪ.”

ಮಿಲುಂಕಾ ಬಾಟಲಿ ಬದಲಿಸಿದಳು. ಗಡಿಯಾರ ನೋಡಿಕೊಂಡು ಒಂದಾದ ಮೇಲೊಂದು ಸುರಿದು, ಕುಲುಕಿ, ಚೆಲ್ಲಿ, ಕಡೆಗೆ ಸುರುಳಿ ಎತ್ತಿ ಒಂದು ಗೇಣು ಫಿಲ್ಮನ್ನು ದೀಪಕ್ಕೆ ಹಿಡಿದಳು. ನಾಲ್ಕು ಮರಿಗಳೂ ಕೊಕ್ಕು ಅಗಲಿಸಿ ನಿಂತಿದ್ದವು. ಎಲ್ಲರೂ ಹೋ ಎಂದರು. ತನ್ನ ಕೈಯಿಂದಲೇ ಮೂಡಿದ ಆ ಚಿತ್ರವನ್ನು ನೋಡಿ ಅವಳಿಗೆ ಸಂತೋಷ ತಡೆಯಲಾಗಲಿಲ್ಲ. ಆದರೂ ಮೇಷ್ಟ್ರ ಕಡೆ ತಿರುಗುವಾಗ ಮುಖ ಬಿಗಿ ಮಾಡಿಕೊಂಡಳು.

“ಸಿಟ್ಟು ಹೋಯ್ತಾ?” ಮೇಷ್ಟ್ರು ಮೆಲ್ಲಗೆ ಕೇಳಿದರು.

ಅವಳು ಫಿಲ್ಮನ್ನು ನಲ್ಲಿಯ ಕೆಳಗೆ ಇಟ್ಟಳು. “ಇದನ್ನ ಅರ್ಧ ಗಂಟೆ ತೊಳೀಬೇಕು. ಅಲ್ಲೀವರ್ಗೂ ಸಿಟ್ಟಾಗಿರ್ತೀನಿ. ಆಮೇಲೆ ನೀವು ಕಾಫಿ ಮಾಡಿ.”

ಮೇಷ್ಟ್ರು ಬೆಂಚಿನ ಮೇಲೆ ಕುಳಿತು ಗೋಡೆ ಗಡಿಯಾರವನ್ನೇ ನೋಡತೊಡಗಿದರು. ಸ್ವಲ್ಪ ಹೊತ್ತು ಕಳೆದು, ಸದ್ದಾಗದಂತೆ ಎದ್ದು, ಎಡಗೈಯಲ್ಲಿ ಕಾಫಿ ಪಾತ್ರೆ ಎತ್ತಿಕೊಂಡರು.

“ಕೂತ್ಕೊಳ್ಳಿ ಮೇಷ್ಟ್ರೇ,” ಎಂದಳು ಮಿಲುಂಕಾ, ತಿರುಗಿ ನೋಡದೆ. “ಇನ್ನೂ ಹನ್ನೊಂದು ನಿಮಿಷ ಇದೆ.”