ಏಳರ ಮಗ್ಗಿ

ಸುತ್ತಿಗೆಯ ಮೊದಲ ಏಟು ಬೀಳುವ ಮುಂಚೆಯೇ ಅಕ್ಕತಂಗಿಯರ ಜಗಳ ಶುರುವಾಗಿತ್ತು. ಚಿಗುಸಾಳ ಮೊಸಾಯಿಕ್ ಶಾಲೆಯ ಅಂಗಳದಲ್ಲಿ, ಹಾಸಿದ ಗೋಣಿತಾಟಿನ ಮೇಲೆ, ಹಳೆಯ ಅಡುಗೆಮನೆಯ ಸಿಂಕು ಕೂತಿತ್ತು. ಸಿಮೆಂಟಿನ ಒಡಲು, ಒಳಗೆಲ್ಲ ಅಂಗಿಗುಂಡಿಯಷ್ಟಗಲದ ತಿಳಿನೀಲಿ, ಗುಲಾಬಿ ಬಿಲ್ಲೆಗಳು. ಒಂದು ಕಾಲಕ್ಕೆ ಈ ಕಸಾಹಾರಾ ಊರಿನ ಮನೆಮನೆಯಲ್ಲೂ ಇಂಥದ್ದೊಂದು ಇತ್ತು. ಊರಿಗೆ ಊರೇ ಟೈಲ್ಸ್ ಬಿಲ್ಲೆ ಸುಟ್ಟು ಬದುಕಿದ್ದ ಕಾಲ ಅದು. ಅಕ್ಕತಂಗಿಯರ ತವರುಮನೆ ಕೆಡವಿದವರು ಬೆಳಿಗ್ಗೆ ಅದನ್ನು ಇಲ್ಲಿ ಇಳಿಸಿ ಹೋಗಿದ್ದರು.

"ಈ ಬಿಲ್ಲೆ ಎಬ್ಬಿಸಿ ಎರಡು ಟ್ರೇ ಮಾಡ್ಕೊಡಿ ಟೀಚರ್. ನಂಗೊಂದು, ಇವಳಿಗೊಂದು" ಎಂದರು ಅಕ್ಕ ಶಿಗೆನೊ. ಅವರು ಚಿಗುಸಾಳ ಶನಿವಾರದ ತರಗತಿಗೆ ತಪ್ಪದೆ ಬರುವವರು.

"ಟ್ರೇ ಯಾರಿಗ್ ಬೇಕು? ಇಷ್ಟೂ ಸೇರಿ ಒಂದೇ ಫಲಕ ಆಗ್ಬೇಕು, ಅದು ನಂಗೇ ಬೇಕು. ನಮ್ಮನೆ ಗೋಡೆಗೆ ಹಾಕಿಸ್ತೀನಿ." ತಂಗಿ ಮಿನೇಕೊ ಇದಕ್ಕಾಗಿಯೇ ಒಸಾಕಾದಿಂದ ಬಂದಿದ್ದರು.

"ವರ್ಷಕ್ಕೊಂದ್ಸಲ ಬಂದು ಇದ್ರಲ್ಲಿ ಒಂದು ಲೋಟ ತೊಳ್ದೋಳಲ್ಲ, ಇಷ್ಟೂ ಬೇಕಂತೆ!"

"ತೊಳಿಯೋಕೆ ನೀನು ಬಿಟ್ಟಿದ್ರೆ ತಾನೆ?"

ಇಬ್ಬರಿಗೂ ಎಪ್ಪತ್ತು ದಾಟಿತ್ತು. ಚಿಗುಸಾ ಮಂಡಿಯೂರಿ ಸಿಂಕಿನ ಅಂಚನ್ನು ಬೆರಳಿನಿಂದ ಕುಟ್ಟಿ ನೋಡಿದಳು. ಸಿಮೆಂಟು ಕಲ್ಲಾಗಿ ಹೋಗಿತ್ತು. "ನೋಡಿ, ಇದ್ದದ್ದು ಇದ್ದಂಗೆ ಹೇಳ್ತೀನಿ. ಎಬ್ಬಿಸ್ವಾಗ ಅರ್ಧಕ್ಕರ್ಧ ಬಿಲ್ಲೆ ಪುಡಿ ಆಗತ್ತೆ. ಉಳಿದದ್ರಲ್ಲಿ ಚೆಂದದ್ದು ಅಂತ ಒಂದಾಗತ್ತೆ, ಎರಡಾಗಲ್ಲ. ಯಾರಿಗೆ ಅಂತ ನೀವೇ ತೀರ್ಮಾನ ಮಾಡಿ."

ಒಳಗೆ ತರಗತಿಯವರು ಇಕ್ಕಳದಲ್ಲಿ ಬಿಲ್ಲೆ ಕತ್ತರಿಸುವ ಟಕ್ ಟಕ್ ಸದ್ದು ಕೇಳುತ್ತಿತ್ತು. ಮಿನೇಕೊ ನಿಧಾನಕ್ಕೆ ಕುಕ್ಕರಗಾಲಲ್ಲಿ ಕೂತು ಸಿಂಕಿನ ತಳಕ್ಕೆ ಅಂಗೈ ಊರಿದರು. ಅವರ ದನಿ ಇಳಿದಿತ್ತು.

"ಕೊನೆಗಾಲದಲ್ಲಿ ಅಮ್ಮ ನಿನ್ ಹತ್ರಾನೇ ಇದ್ರು. ನಿಂಗೆ ಅಮ್ಮ ಬೇಕಾದಷ್ಟು ಸಿಕ್ಕಿದ್ರು. ನಂಗಿರೋದು ಇದೊಂದೇ, ಅಕ್ಕ. ನನ್ನ ಇದ್ರಲ್ಲೇ ಕೂರ್ಸಿ ನೀರು ಹಾಕ್ತಿದ್ರು ಅಮ್ಮ. ಸೋಪು ಕಣ್ಣಿಗೆ ಹೋಗ್ದಿರ್ಲಿ ಅಂತ ಹಣೆಗೆ ಅಡ್ಡ ಕೈ ಹಿಡಿಯೋರು. ಆ ಕೈಯಲ್ಲಿ ಯಾವಾಗ್ಲೂ ಅಂಟಿನ ವಾಸನೆ."

ಆ ವಾಸನೆ ಚಿಗುಸಾಳ ಮೂಗಿಗೂ ಅಡರಿತು. ಹಿಟ್ಟು ಕುದಿಸಿ ಮಾಡಿದ ಅಂಟು. ಅವಳು ಚಿಕ್ಕವಳಿದ್ದಾಗ ಶಾಲೆ ಬಿಟ್ಟು ಬಂದ ಮಕ್ಕಳೆಲ್ಲ ಚಾಪೆಯ ಮೇಲೆ ಸಾಲಾಗಿ ಕೂತು ಬಿಲ್ಲೆ ಜೋಡಿಸಿ, ಕಾಗದಕ್ಕೆ ಅಂಟು ಬಳಿದು, ಮೇಲೆ ಹೊದಿಸಿ ಒತ್ತುತ್ತಿದ್ದರು. ಮಲಗುವಾಗ ದಿಂಬಿನಲ್ಲೂ ಅದೇ ವಾಸನೆ. ಈಗ ಊರಲ್ಲಿ ಆ ಅಂಟನ್ನು ಕುದಿಸುವವರು ಯಾರೂ ಉಳಿದಿಲ್ಲ.

"ಇನ್ನೊಂದು ಹೇಳ್ತೀನಿ ಕೇಳಿ ಟೀಚರ್" ಮಿನೇಕೊ ಕಣ್ಣೊರೆಸಿಕೊಂಡು ನಕ್ಕರು. "ನೀರು ಹಾಕ್ವಾಗ ಎಲ್ರ ಅಮ್ಮಂದಿರು ಪದ ಹೇಳ್ತಾರಲ್ವಾ? ನಮ್ಮಮ್ಮ ಮಗ್ಗಿ ಹೇಳೋರು! ಏಳೊಂದ್ಲಿ ಏಳು, ಏಳೆರಡ್ಲಿ ಹದ್ನಾಲ್ಕು... ಏಳಾರ್ಲಿಗೆ ಬಂದ್ರೆ ಮುಗೀತು, ನಿಂತ್ಬಿಡೋರು. ನೀರಿನ ಬೋಗುಣಿ ನನ್ ತಲೆ ಮೇಲೇನೇ ಇರೋದು. ನಾನು ಕಣ್ಮುಚ್ಕೊಂಡು ನಡುಗ್ತಾ ಕಾಯ್ತಿದ್ದೆ. ಉತ್ತರ ನೆನಪಾದ್ಮೇಲೇನೇ ನೀರು!"

ಚಿಗುಸಾ ಕೂಡ ನಕ್ಕಳು. ನಗುತ್ತಲೇ ಶಿಗೆನೊ ಕಡೆ ತಿರುಗಿದಳು. ಶಿಗೆನೊ ನಗುತ್ತಿರಲಿಲ್ಲ. ಪಾಠ ಒಪ್ಪಿಸಲಾರದೆ ತರಗತಿಯ ಮುಂದೆ ನಿಂತ ಹುಡುಗಿಯ ಹಾಗೆ ಅವರ ಕೆನ್ನೆ ಕೆಂಪಾಗಿತ್ತು. ಅವರ ತಾಯಿ ಟೈಲ್ಸ್ ಸುಡುವ ಗೂಡಿನ ಕೆಲಸಕ್ಕೆ ನಸುಕಿಗೇ ಹೋದರೆ ಮಕ್ಕಳು ಮಲಗಿದ ಮೇಲೇ ಮನೆಗೆ ಬರುತ್ತಿದ್ದುದು, ಇದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಮನೆಯಲ್ಲಿ ಇರುತ್ತಿದ್ದದ್ದು ಈ ಇಬ್ಬರೇ. ಆಗ ತಂಗಿಗಿನ್ನೂ ಮೂರು ವರ್ಷ. ಅಕ್ಕ ಎರಡನೆಯ ತರಗತಿ, ಮಗ್ಗಿ ಬಾಯಿಪಾಠ ಮಾಡುವ ವಯಸ್ಸು.

ಶಿಗೆನೊ ಬಾಯಿ ತೆರೆದರು. ಈಗ ಹೇಳಿಬಿಡುತ್ತಾರೆ ಅಂದುಕೊಂಡಳು ಚಿಗುಸಾ. ಆ ಒಂದು ಮಾತು ಸಾಕಿತ್ತು, ಜಗಳ ಅಲ್ಲಿಗೇ ಮುಗಿಯುತ್ತಿತ್ತು.

"ಹೌದು ಕಣೆ" ಎಂದರು ಶಿಗೆನೊ. "ಅಮ್ಮಂಗೆ ಏಳರ ಮಗ್ಗಿ ಕೊನೇವರ್ಗೂ ಸರಿಯಾಗಿ ಬರ್ಲಿಲ್ಲ." ಆಮೇಲೆ ಚಿಗುಸಾಳ ಮುಖ ನೋಡದೆ, "ಟ್ರೇ ಗೀ ಏನೂ ಬೇಡ ಟೀಚರ್. ಇಷ್ಟೂ ಸೇರ್ಸಿ ಇವಳಿಗೇ ಮಾಡ್ಕೊಡಿ" ಎಂದರು.

ಮಿನೇಕೊ ಅನುಮಾನದಿಂದ ಅಕ್ಕನನ್ನು ನೋಡಿದರು. "ನಿಜವಾಗ್ಲೂ? ಆಮೇಲೆ ಮಾತು ತಿರುಗಿಸ್ಬಾರ್ದು ಮತ್ತೆ."

"ಇಲ್ಲ ಹೋಗೇ. ಮೊದ್ಲು ಮೂಗು ತೊಳ್ಕೊಂಡ್ ಬಾ, ನೋಡೋಕಾಗ್ತಿಲ್ಲ."

ಮಿನೇಕೊ ಹಿತ್ತಲ ನಲ್ಲಿಯ ಕಡೆ ಹೋದರು. ಚಿಗುಸಾ ಮೆಲ್ಲಗೆ ಕೇಳಿದಳು, "ಹೇಳ್ಬೋದಿತ್ತಲ್ಲ ಶಿಗೆನೊ ಅಕ್ಕ, ಆ ಕೈ ನಿಮ್ದು ಅಂತ?"

ಶಿಗೆನೊ ಗೋಣಿತಾಟಿನ ಮೇಲಿದ್ದ ಸುತ್ತಿಗೆ ಎತ್ತಿಕೊಂಡು ಅದರ ಹಿಡಿಯನ್ನು ಒರೆಸಿದರು.

"ನಂಗೆ ಅಮ್ಮ ಬೇಕಾದಷ್ಟು ಸಿಕ್ಕಿದ್ರು ಅಂದ್ಲಲ್ಲ ಇವ್ಳು" ಎಂದರು. "ನನ್ ಕೈಗೆ ಸಿಕ್ಕಾಗ ವಯಸ್ಸಾಗಿ ಅವ್ರೇ ಮಗು ಆಗ್ಬಿಟ್ಟಿದ್ರು, ಟೀಚರ್. ಅವಳಿಗಾದ್ರೂ ಒಬ್ಳು ಅಮ್ಮ ಇದ್ದಿರ್ಲಿ ಬಿಡಿ."