ಬೆನ್ನು ಮಾಡಿ ನಿಂತ ಹುಡುಗಿ

ನಲವತ್ತೊಂದು ಫೋಟೊ. ಒಂದರಲ್ಲೂ ಮುಖವಿಲ್ಲ.

ಗಂಡ ಫಿರೋಜ್ ಸ್ನಾನಕ್ಕೆ ಹೋಗಿದ್ದಾಗ ಸುಗ್ರಾ ಅವನ ಫೋನು ತೆಗೆದು ನೋಡಿದ್ದಳು. ಎಲ್ಲದರಲ್ಲೂ ಒಬ್ಬಳೇ ಹುಡುಗಿ. ಉದ್ದ ಜಡೆ, ಹಳದಿ ಅಂಗಿ, ಬೆನ್ನು ಮಾಡಿ ನಿಂತಿದ್ದಾಳೆ. ಒಂದರಲ್ಲಿ ಸಮುದ್ರ, ಒಂದರಲ್ಲಿ ಹಿಮ, ಇನ್ನೊಂದರಲ್ಲಿ ಕುದುರೆಯ ಕೊರಳು ತಬ್ಬಿಕೊಂಡಿದ್ದಾಳೆ. ಬಸವಕಲ್ಯಾಣದ ಬಿಸಿಲಲ್ಲಿ ಹಿಮ ಎಲ್ಲಿಂದ ಬರಬೇಕು? ಯಾರೋ ಊರೂರು ತಿರುಗುವ ಸಿರಿವಂತೆ. ಹೋದಲ್ಲಿಂದೆಲ್ಲ ಈ ನರೆಗಡ್ಡದವನಿಗೆ ಫೋಟೊ ಕಳಿಸುತ್ತಿದ್ದಾಳೆ. ಸುಗ್ರಾ ಫೋನನ್ನು ಇದ್ದಲ್ಲೇ ಕುಕ್ಕಿದಳು.

ಫಿರೋಜ್ ದಿನಾ ತನ್ನ ಟಂಟಂ ಆಟೊದಲ್ಲಿ ಹುಮನಾಬಾದಿಗೆ ಮಾಲು ಒಯ್ಯುತ್ತಿದ್ದ. ಮೊದಲೆಲ್ಲ ಮಧ್ಯಾಹ್ನ ಮೂರಕ್ಕೇ ಮನೆಯಲ್ಲಿರುತ್ತಿದ್ದವನು ಆರು ತಿಂಗಳಿಂದ ದೀಪ ಹಚ್ಚುವ ಹೊತ್ತಿಗೆ ಬರತೊಡಗಿದ್ದ. ಕೇಳಿದರೆ, ವಾಪಸ್ ಮಾಲು ಸಿಗಲಿಲ್ಲ ಎನ್ನುತ್ತಿದ್ದ. ಪಕ್ಕದ ಮನೆಯ ತಾಹೇರಾಳ ತಮ್ಮ ಮಾತ್ರ ಬೇರೆಯೇ ಕಂಡಿದ್ದ. ಹುಮನಾಬಾದಿನ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಮಾಳಿಗೆಯಿದೆ. ಫಿರೋಜ್ ದಿನಾ ಅದನ್ನು ಏರುತ್ತಾನೆ. ಇಳಿಯುವಾಗ ಕಣ್ಣುಗಳು ಕೆಂಪಗಿರುತ್ತವೆ.

"ಮಕ್ಕಳಿಲ್ಲದ ಮನಿ ಅದ ಸುಗ್ರಾಬಿ. ಗಂಡಸಿನ ಮನಸ್ಸು ಯಾವಾಗ ಹ್ಯಾಂಗ ಹೊಳ್ಳತದೋ ಯಾರಿಗೆ ಗೊತ್ತು," ಎಂದಿದ್ದಳು ತಾಹೇರಾ.

ಸುಗ್ರಾ ತಕ್ಷಣ ನಳದ ನೀರಿನ ಮಾತು ತೆಗೆದಿದ್ದಳು. ಮಕ್ಕಳ ವಿಷಯ ಬಂದರೆ ಮಾತು ಹೊರಳಿಸುವುದು ಆಕೆಗೆ ಬಹಳ ವರ್ಷಗಳ ರೂಢಿ. ಗಂಡನ ಎದುರಿಗಂತೂ ಆ ಮಾತಿಗೆ ಎಡೆಯನ್ನೇ ಕೊಟ್ಟಿರಲಿಲ್ಲ.

ಫೋಟೊ ಕಂಡ ದಿನವೇ ಮಧ್ಯಾಹ್ನ ಎರಡು ಜೊತೆ ಬಟ್ಟೆ ಚೀಲಕ್ಕೆ ತುರುಕಿಕೊಂಡು ಆಕೆ ಹುಮನಾಬಾದಿನ ಬಸ್ಸು ಹತ್ತಿದಳು. ಆ ಹುಡುಗಿ ಅಲ್ಲಿದ್ದರೆ ಅಲ್ಲಿಂದಲೇ ತವರು ಮಂಠಾಳಕ್ಕೆ. ಮತ್ತೆ ಈ ಮನೆಯ ಹೊಸ್ತಿಲು ತುಳಿಯುವುದಿಲ್ಲ. ರಾಜೇಶ್ವರ ದಾಟುವಷ್ಟರಲ್ಲಿ ಬೈಗುಳಗಳೆಲ್ಲ ಬಾಯಿಪಾಠ ಆಗಿದ್ದವು.

ಮಾಳಿಗೆಯ ಮೆಟ್ಟಿಲ ತುದಿಯಲ್ಲಿ ಅಲ್ಲಿಯ ಮಾಲೀಕ ಅಜೀಮುದ್ದೀನ್ ಕುರ್ಚಿ ಹಾಕಿಕೊಂಡು ಕೂತಿದ್ದ. ಫಿರೋಜ್ ಎಲ್ಲಿ ಎಂದು ಸುಗ್ರಾ ಕೇಳಿದಳು.

"ಫಿರೋಜ್ ಭಾಯಿ ಒಳಗಿದ್ದಾರ್ರಿ. ಆದ್ರ ಆಕಿ ಜೋಡಿ ಕೂತಾಗ ಯಾರೂ ಮಾತಾಡ್ಸಬಾರ್ದು ಅಂತ ಹೇಳ್ಯಾರ."

"ನಾ ಅವರ ಹೆಂಡ್ತಿ," ಎಂದವಳೇ ಸುಗ್ರಾ ಬಾಗಿಲು ದೂಡಿದಳು.

ಕೋಣೆಯಲ್ಲಿ ಫಿರೋಜ್ ಒಬ್ಬನೇ ಇದ್ದ. ಎದುರಿಗೆ ಗೋಡೆಯಗಲದ ಟಿ.ವಿ. ಅದರೊಳಗೆ ಅದೇ ಹುಡುಗಿ, ಅದೇ ಜಡೆ. ಸಮುದ್ರದ ಅಲೆ ಎದ್ದಲ್ಲೇ ನಿಂತಿತ್ತು. ಫಿರೋಜ್ ಕೈಯಲ್ಲಿನ ಗುಂಡಿ ಒತ್ತುತ್ತ ಸೂರ್ಯನನ್ನು ಒಂದೊಂದೇ ಕೂದಲೆಳೆಯಷ್ಟು ಕೆಳಗಿಳಿಸುತ್ತಿದ್ದ. ಹುಡುಗಿಯ ನೆರಳು ಮರಳಿನ ಮೇಲೆ ಉದ್ದವಾಗುತ್ತಿತ್ತು. ಬಾಯಿಪಾಠ ಮಾಡಿದ್ದು ಒಂದೂ ಸುಗ್ರಾಳ ನೆನಪಿಗೆ ಬರಲಿಲ್ಲ.

"ವಿಡಿಯೊ ಗೇಮ್ ಏನ್ರೀ ಇದು?"

ಫಿರೋಜ್ ಬೆಚ್ಚಿ ತಿರುಗಿದ. "ಗೇಮೇ. ತಾಸಿಗಿಷ್ಟು ಅಂತ ರೊಕ್ಕ ಕೊಟ್ಟು ಆಡೋ ಅಂಗಡಿ ಇದು. ನನಗ ಆಡಾಕ ಬರಂಗಿಲ್ಲ, ನಿಲ್ಲಿಸಾಕ ಅಷ್ಟ ಬರ್ತದ. ನಿಲ್ಲಿಸಿದ್ರ ಒಂದು ಕ್ಯಾಮೆರಾ ಕೊಡ್ತದ. ಫೋಟೊ ಮೋಡ್ ಅಂತಾರ. ಬೆಳಕು, ಗಾಳಿ, ಹೊತ್ತು, ಎಲ್ಲಾ ನಾವು ಹೇಳ್ದಂಗ ಕೇಳ್ತದ."

ಗುಡ್ಡ ಅಗೆದು ಇಲಿ ಹಿಡಿದಂತಾಯಿತು. ಸುಗ್ರಾಳಿಗೆ ನಗು ಬಂತು, ನಾಚಿಕೆಯೂ ಆಯಿತು. ಚೀಲವನ್ನು ಮೆಲ್ಲಗೆ ಕಾಲ ಹಿಂದೆ ಸರಿಸಿದಳು.

"ಇಷ್ಟು ಛಂದ ತೆಗಿತೀರಿ. ಮತ್ತ ಮುಖ ಯಾಕ ತೆಗಿಯಂಗಿಲ್ಲ?"

ಅವನು ಮತ್ತೆ ಟಿ.ವಿ. ಕಡೆಗೆ ತಿರುಗಿದ.

"ಅದು ಗೇಮಿನವರು ಕೊಟ್ಟ ಮುಖ. ನಮ್ಮ ಹುಡುಗಿದಲ್ಲ."

"ನಮ್ಮ?"

"ಈ ರಜಬ್ ತಿಂಗಳಿಗೆ ಹದಿನೆಂಟು ತುಂಬತಿದ್ವು ಸುಗ್ರಾ. ಎತ್ತರ ನಿನ್ನಷ್ಟ ಇಟ್ಟೀನಿ. ಅಂದಾಜಿನ ಮ್ಯಾಲೆ."

ಸುಗ್ರಾ ಗೋಡೆ ಹಿಡಿದು ಕೂತಳು. ಹದಿನೆಂಟು ವರ್ಷದ ಹಿಂದೆ ಅವರಿಗೊಂದು ಮಗು ಹುಟ್ಟಿತ್ತು. ನಸುಕಿನ ಫಜರ್ ನಮಾಜಿನ ಹೊತ್ತಿಗೆ ಹುಟ್ಟಿ ಮಧ್ಯಾಹ್ನದ ಜುಹರ್‌ಗೆ ಉಸಿರು ಬಿಟ್ಟಿತ್ತು. ಫಿರೋಜ್ ಆಗ ಲಾರಿಯಲ್ಲಿ ನಾಗಪುರದ ಆಚೆ ಇದ್ದ. ಮಗುವಿನ ಮಯ್ಯತ್ತನ್ನು ಕಾಯಿಸಬಾರದೆಂದು ಹಿರಿಯರು ಹೊತ್ತು ಮುಳುಗುವ ಮೊದಲೇ ಮಣ್ಣು ಮಾಡಿದರು. ಮನೆಯಲ್ಲಿ ಯಾರ ಹತ್ತಿರವೂ ಕ್ಯಾಮೆರಾ ಇರಲಿಲ್ಲ. ಮೂರನೆಯ ದಿನ ಬಂದ ಫಿರೋಜ್ ಒಂದೇ ಒಂದು ಸಲ, "ಹ್ಯಾಂಗಿದ್ಲು?" ಎಂದು ಕೇಳಿದ್ದ. "ನಿಮ್ಮಂಗ" ಎಂದು ಸುಗ್ರಾ ಗೋಡೆಯ ಕಡೆ ಹೊರಳಿದ್ದಳು. ಆಮೇಲೆ ಅವನು ಕೇಳಿರಲಿಲ್ಲ.

"ಇದರಾಗ ಮೂಗು, ಕಣ್ಣು ಎಲ್ಲಾ ತಿದ್ದಾಕ ಬರ್ತದಂತ," ಎಂದ ಫಿರೋಜ್. "ನನಗ ನೋಡೋ ನಸೀಬ ಇರ್ಲಿಲ್ಲ. ನೀ ನೋಡೀದಿ. ನಿನಗ ನೋವಾಗ್ತದಂತ ಇಷ್ಟು ದಿನ ಕೇಳ್ಲಿಲ್ಲ. ಇವತ್ತು ಹೇಳು."

ಟಿ.ವಿ.ಯಲ್ಲಿ ದೊಡ್ಡದೊಂದು ಮುಖ ಬಂದು ನಿಂತಿತು. ಸುಗ್ರಾ ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದು ಬಂದು ಗಂಡನ ಪಕ್ಕದಲ್ಲಿ ಕೂತಳು.

"ಮೂಗು ಇಷ್ಟು ಉದ್ದ ಅಲ್ರೀ. ಸಣ್ಣದು."

"ಇಷ್ಟು?"

"ಇನ್ನೂ ಸಣ್ಣದು. ಹಾಂ. ಹುಬ್ಬು ದಟ್ಟ, ನಿಮ್ಮ ಅಮ್ಮಿಜಾನ್‌ದು ಇದ್ದಂಗ. ಕಣ್ಣು ದೊಡ್ಡವು. ಗದ್ದದಾಗ ಒಂದು ಕುಳಿ."

ಎಲ್ಲಿಯೂ ತಡವರಿಸದೆ ಹೇಳಿದಳು. ತುಟಿಯನ್ನು ಎರಡು ಸಲ ತಿದ್ದಿಸಿದಳು. ಕಿವಿ ಬಹಳ ಹೊರಗೆ ಬಂತೆಂದು ಗದರಿದಳು. ಫಿರೋಜ್ ವರ್ಷಗಳ ಹಸಿವಿದ್ದವನ ಹಾಗೆ ಒಂದೊಂದನ್ನೇ ಕೇಳುತ್ತ, ಒಂದೊಂದನ್ನೇ ತಿದ್ದುತ್ತ ಹೋದ. ಕೊನೆಗೆ ಮತ್ತೆ ಸಮುದ್ರದ ದಂಡೆಗೆ ಬಂದು, ಆಟ ನಿಲ್ಲಿಸಿ, ಕ್ಯಾಮೆರಾವನ್ನು ಹುಡುಗಿಯ ಮುಂದಕ್ಕೆ ತಿರುಗಿಸಿದ. ಅವನ ಗಡ್ಡ ಕಣ್ಣೀರಿನಿಂದ ತೊಯ್ದಿತ್ತು.

"ಇಕೀನೇ ಏನು ಸುಗ್ರಾ?"

"ಇಕೀನೇ. ತೆಗೀರಿ."

ಅವನು ಫೋಟೊ ತೆಗೆದ.

ಹೆರಿಗೆಯಲ್ಲಿ ಎಚ್ಚರ ತಪ್ಪಿದ್ದ ಸುಗ್ರಾ ಕಣ್ಣು ಬಿಟ್ಟದ್ದು ಮಗುವನ್ನು ಮಣ್ಣು ಮಾಡಿದ ಮರುದಿನ ಸಂಜೆ; ಅದನ್ನು ಫಿರೋಜನಿಗೆ ಯಾರೂ ಹೇಳಿರಲಿಲ್ಲ. ಮಗುವಿನ ಮುಖವನ್ನು ಆಕೆಯೂ ನೋಡಿರಲಿಲ್ಲ.